ಗುಜರಿಯಿಂದ ಗುಂಜಹಳ್ಳಿಗೆ

ಹಟ್ಟಿಯ ಚಿನ್ನದ ಗಣಿ ಇರುವುದು ನಮ್ಮ ರಾಯಚೂರು ಜಿಲ್ಲೆಯಲ್ಲೇ, ಲಿಂಗಸುಗೂರು ತಾಲ್ಲೂಕಿನಲ್ಲಿ. ಅಲ್ಲಿ ನೆಲದಾಳದಿಂದ ತೆಗೆದ ಒಂದು ಟನ್ ಅದಿರನ್ನು ಅರೆದು ಸೋಸಿದರೆ ಕೈಗೆ ಹತ್ತುವ ಚಿನ್ನ ಕೆಲವೇ ಗ್ರಾಂ. ಹಳೆಯ ಕಂಪ್ಯೂಟರುಗಳ ಬೋರ್ಡುಗಳನ್ನು ಒಂದು ಟನ್ ಒಟ್ಟಿದರೆ ಅದರ ಹತ್ತಾರು ಪಟ್ಟು ಚಿನ್ನ ಅವುಗಳಲ್ಲಿರುತ್ತದೆ. ರ್ಯಾಮ್ ಪಟ್ಟಿಯ ಅಂಚಿನಲ್ಲಿ ಹಳದಿಯಾಗಿ ಹೊಳೆಯುವ ಹಲ್ಲುಗಳು, ಕಾರ್ಡುಗಳ ತುದಿ, ಪ್ರೊಸೆಸರಿನ ಸೂಜಿಯಂಥ ಕಾಲುಗಳು, ಎಲ್ಲಕ್ಕೂ ತೆಳ್ಳಗೆ ಚಿನ್ನದ ಲೇಪ. ಕಿಲುಬು ಹಿಡಿಯಬಾರದು, ವಿದ್ಯುತ್ತು ತಡೆಯಿಲ್ಲದೆ ಹರಿಯಬೇಕು ಎಂದು ಮಾಡಿದ ಏರ್ಪಾಡು ಅದು. ಈಗ ಅದೇ ಅವುಗಳ ಪ್ರಾಣಕ್ಕೆ ಬಂದಿದೆ. ಗುಜರಿ ಅಂಗಡಿಯಲ್ಲಿ ಪೆಂಟಿಯಂ ಮದರ್‌ಬೋರ್ಡು ತಕ್ಕಡಿಗೆ ಬೀಳುತ್ತದೆ, ಕೆಜಿ ಲೆಕ್ಕದಲ್ಲಿ ಮೂಟೆ ಕಟ್ಟಿಸಿಕೊಂಡು ದೂರದ ಊರಿಗೆ ಹೋಗುತ್ತದೆ. ಅಲ್ಲಿ ಯಾವುದೋ ಶೆಡ್ಡಿನಲ್ಲಿ ಆಸಿಡ್ಡಿನಲ್ಲಿ ಕರಗುತ್ತದೆ. ಆ ಹೊಗೆ ಕುಡಿಯುವ ಕೂಲಿಯವರ ಎದೆಯೂ ಅದರ ಜೊತೆಗೆ ಕರಗುತ್ತದೆ.

ಇಂಥ ಮೂಟೆಯೊಂದರ ಬಾಯಿ ಬಿಚ್ಚಿಸಿ, ಕರಗುವ ಮೊದಲೇ ಒಂದು ಯಂತ್ರವನ್ನು ಹೊರಗೆ ಎಳೆದು, ಗುಂಜಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಬ್ಬಿಸಿ ನಿಲ್ಲಿಸಬೇಕೆಂಬುದು ನನ್ನ ಬಹುಕಾಲದ ಆಸೆ. ಕಾರಣ ಒಂದೇ. ಹಳೆಯ ಆಟಗಳನ್ನು ಅವು ಹುಟ್ಟಿದ ಕಾಲದ ಯಂತ್ರದ ಮೇಲೆಯೇ ಆಡಬೇಕು, ನಮ್ಮ ಮನೆಯ ಹುಡುಗರಿಗೂ ಆಡಿಸಬೇಕು.

ನನ್ನ ಹರೆಯದಲ್ಲಿ ರಾಯಚೂರಿನ ಕಂಪ್ಯೂಟರ್ ಸೆಂಟರುಗಳೆಂದರೆ ಒಂದು ಬಗೆಯ ಗರ್ಭಗುಡಿಗಳು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಪರದೆ, ತಣ್ಣನೆ ಗಾಳಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು ಸುಡುತ್ತಿರುವಾಗ ಹಳ್ಳಿಯಿಂದ ಬಸ್ಸು ಹತ್ತಿ ಬಂದ ನಮಗೆ ಆ ತಂಪೇ ಅರ್ಧ ಪಾಠ. ಡಾಸ್ ಆಜ್ಞೆಗಳು, ವರ್ಡ್‌ಸ್ಟಾರು, ಲೋಟಸ್ಸು, ಟರ್ಬೊ ಪ್ಯಾಸ್ಕಲ್ಲು ಎಲ್ಲ ಮುಗಿಸಿದ ಮೇಲೆ ಸರ್ ಒಳ್ಳೆಯ ಮನಸ್ಸಿನಲ್ಲಿದ್ದರೆ ಕೊನೆಯ ಹತ್ತು ನಿಮಿಷ ನಮ್ಮದು. ಯಾರದೋ ಅಂಗಿಯ ಕಿಸೆಯಿಂದ ಒಂದು ಫ್ಲಾಪಿ ಹೊರಬರುತ್ತಿತ್ತು. ಅದು ಎಲ್ಲಿಂದ ಬಂತು, ಯಾರು ಮಾಡಿದರು, ಯಾರಿಗೂ ಗೊತ್ತಿರಲಿಲ್ಲ. ಡೇವ್, ಡಿಗ್ಗರ್, ಪ್ಯಾರಾಟ್ರೂಪರ್, ಪ್ರಿನ್ಸ್. ಹೆಸರುಗಳಷ್ಟೇ ನಮ್ಮ ಪಾಲಿಗೆ ಇದ್ದದ್ದು.

ಮಾಡಿದವರ ವಿಷಯ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಕಾಶದಿಂದ ಇಳಿಯುವ ಸೈನಿಕರನ್ನು ತೋಪಿನಿಂದ ಉರುಳಿಸುವ ಪ್ಯಾರಾಟ್ರೂಪರನ್ನು 1982ರಲ್ಲಿ ಬರೆದ ಹುಡುಗ ಗ್ರೆಗ್ ಕೂಪರ್‌ಬರ್ಗ್ ಮುಂದೆ ಗಣಿತದ ಪ್ರಾಧ್ಯಾಪಕರಾದರು. ಕೆಂಪು ಟೋಪಿಯ ಡೇವ್‌ನನ್ನು ಬರೆದ ಜಾನ್ ರೊಮೆರೊ ಕೆಲವೇ ವರ್ಷಗಳಲ್ಲಿ, 1993ರಲ್ಲಿ, ಗೆಳೆಯರ ಜೊತೆ ಸೇರಿ ಡೂಮ್ ಎಂಬ ಆಟ ಮಾಡಿ ಜಗತ್ತನ್ನೇ ಅಲುಗಿಸಿದರು. ಪ್ರಿನ್ಸ್ ಆಫ್ ಪರ್ಷಿಯಾ ಜೋರ್ಡಾನ್ ಮೆಕ್ನರ್ ಎಂಬ ಒಬ್ಬರ ಕೈಗೆಲಸ. 1989ರಲ್ಲಿ ಆಪಲ್ ಟೂ ಯಂತ್ರಕ್ಕೆ ಬಂತು, ಮರುವರ್ಷ ನಮ್ಮ ಸೆಂಟರುಗಳಲ್ಲಿದ್ದಂಥ ಡಾಸ್ ಯಂತ್ರಗಳಿಗೆ. ಅವರು ತಮ್ಮನಾದ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ ಓಡಿಸಿದರು, ಜಿಗಿಸಿದರು, ಗೋಡೆ ಹಿಡಿದು ತೂಗಿಸಿದರು. ಅದನ್ನೆಲ್ಲ ವಿಡಿಯೊ ಹಿಡಿದು ಒಂದೊಂದು ಚೌಕಟ್ಟನ್ನೂ ಗೆರೆಗೆ ಗೆರೆ ಕೂಡಿಸಿ ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಸಿನಿಮಾದ ಕೊನೆಯ ಕಾಳಗವನ್ನು ನೋಡಿಕೊಂಡರು. ಸಂಗೀತ ಅವರ ತಂದೆಯದು. ಒಂದು ಮನೆಯ ಮಂದಿ ಸೇರಿ ಮಾಡಿದ ಆಟ ಅದು. ರಾಜಕುಮಾರ ಓಡುವಾಗ ಫಕ್ಕನೆ ನಿಲ್ಲಲಾರ, ಮೈಯ ಭಾರಕ್ಕೆ ಇನ್ನೊಂದು ಹೆಜ್ಜೆ ಮುಂದೆ ಜಾರಿಯೇ ನಿಲ್ಲುತ್ತಾನೆ. ಅದಕ್ಕೇ ನಮಗೆ ಅವನು ಚಿತ್ರ ಅನಿಸಲಿಲ್ಲ, ಮನುಷ್ಯ ಅನಿಸಿದ.

ರಾಯಚೂರಿನ ಹುಡುಗರಿಗೆ ಆ ಆಟ ಪರದೇಶದ್ದೆಂದು ಅನಿಸಲೇ ಇಲ್ಲ ಎಂಬುದನ್ನೂ ಹೇಳಬೇಕು. ಸೆಂಟರಿನಿಂದ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಕೋಟೆಯ ಗೋಡೆ ಕಾಣುತ್ತದೆ. ಒಳಕೋಟೆಯನ್ನು 1294ರಲ್ಲಿ ಕಟ್ಟಿಸಿದ ಸಂಗತಿಯನ್ನು ಎತ್ತಿನ ಬಂಡಿಗೂ ಮೀರಿದ ಉದ್ದದ ಒಂದೇ ಕಲ್ಲಿನ ಮೇಲೆ ಕೆತ್ತಿಟ್ಟ ಕೋಟೆ ಅದು. ಆಮೇಲೆ ಬಹಮನಿಗಳು, ಆದಿಲ್‌ಶಾಹಿಗಳು, ವಿಜಯನಗರದವರು ಅದಕ್ಕಾಗಿ ಹೊಡೆದಾಡಿದರು. ಮಕ್ಕಾ ದರವಾಜೆ, ನವರಂಗಿ ದರವಾಜೆ, ಕಮಾನುಗಳು, ಪಾರಸಿ ಬರಹ, ಕತ್ತಲ ಮೆಟ್ಟಿಲು. ಆಟದಲ್ಲಿ ರಾಜಕುಮಾರ ಇಳಿಯುವ ನೆಲಮಾಳಿಗೆ ನಮ್ಮ ಕೋಟೆಯ ಕೆಳಗೇ ಇದೆ ಎಂದು ನಮ್ಮೊಳಗೊಬ್ಬ ಆಣೆ ಮಾಡಿ ಹೇಳುತ್ತಿದ್ದ. ಅರವತ್ತು ನಿಮಿಷಗಳಲ್ಲಿ ಹನ್ನೆರಡು ಮಜಲು ದಾಟಿ ರಾಜಕುಮಾರಿಯನ್ನು ಬಿಡಿಸಬೇಕು. ನಮಗೆ ಸಿಗುತ್ತಿದ್ದದ್ದು ಹತ್ತು ನಿಮಿಷ. ಆಕೆಯನ್ನು ಬಿಡಿಸಿದವರನ್ನು ನಾನು ಆಗ ಕಂಡಿಲ್ಲ.

ಹಳೆಯ ಆಟ ಆಡಲಿಕ್ಕೆ ಈಗ ಹಳೆಯ ಯಂತ್ರವೇ ಬೇಕೆಂದಿಲ್ಲ, ನಿಜ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹೊಸ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಒಂದು ಹಳೆಯ ಕಂಪ್ಯೂಟರನ್ನು ಕಟ್ಟಿ ಕೊಡುತ್ತದೆ, ಅದೂ ಪುಕ್ಕಟೆ. ಅದನ್ನು ಬರೆದವರಿಗೆ ನಾನು ಕೈ ಮುಗಿಯುತ್ತೇನೆ. ಅದಿಲ್ಲದಿದ್ದರೆ ಸಾವಿರಾರು ಆಟಗಳು ಹೆಸರಿಲ್ಲದೆ ಹೋಗುತ್ತಿದ್ದವು. ಆದರೆ ಅದರಲ್ಲಿ ಆಡಿ ಆಡಿ ನನಗೆ ಒಂದು ವಿಷಯ ಖಚಿತವಾಯಿತು. ಆಟವೆಂದರೆ ಫ್ಲಾಪಿಯ ಮೇಲಿನ ಫೈಲು ಮಾತ್ರ ಅಲ್ಲ. ಬರೆದವನು ತನ್ನ ಮುಂದಿದ್ದ ಯಂತ್ರದ ನಡಿಗೆ, ಅದರ ಗಾಜು, ಅದರ ದನಿ, ಅದರ ಕೀಲಿಯ ಗಟ್ಟಿತನ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾನೆ. ಅರ್ಧ ಆಟ ಫೈಲಿನಲ್ಲಿದೆ, ಇನ್ನರ್ಧ ಯಂತ್ರದಲ್ಲಿದೆ. ಆ ಇನ್ನರ್ಧವನ್ನು ಕೈಯಿಂದ ಮುಟ್ಟಬೇಕೆಂದರೆ ಡಬ್ಬ ಬಿಚ್ಚಲೇಬೇಕು.

ಡಬ್ಬ ಸಿಕ್ಕಿದ್ದು ಹತ್ತಿಯ ಊರಿನಲ್ಲಿ ಸಿಗಬೇಕಾದ ರೀತಿಯಲ್ಲೇ. ರಾಯಚೂರಿನ ಮಾರುಕಟ್ಟೆಗೆ ಸುತ್ತಣ ಊರುಗಳ ಹತ್ತಿ ಬಂದು ಬೀಳುತ್ತದೆ. ಜಿನ್ನಿಂಗ್ ಮಿಲ್ಲುಗಳೂ ಇಲ್ಲಿ ಬಹಳ. ಅಂಥ ಒಂದು ಮಿಲ್ಲಿನ ಆಫೀಸಿನಲ್ಲಿ ವರ್ಷಾನುಗಟ್ಟಲೆ ಟ್ಯಾಲಿ ಲೆಕ್ಕ ಬರೆದ ಪೆಂಟಿಯಂ ತ್ರೀ ಅದು. 500 ಮೆಗಾಹರ್ಟ್ಸಿನದು, 1999ರಲ್ಲಿ ಬಂದ ಬಗೆ. ಪ್ರೊಸೆಸರು ಈಗಿನ ಹಾಗೆ ಚಪ್ಪಟೆ ಚಿಪ್ಪಿನಂತಿಲ್ಲ. ಕಪ್ಪು ಪೆಟ್ಟಿಗೆಯೊಂದರಲ್ಲಿ ಕುಳಿತು ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಗುಜರಿಯ ಭಾಯ್ ಅದನ್ನು ತಕ್ಕಡಿಗೆ ಹಾಕಿ ತೂಕದ ಬೆಲೆಯನ್ನೇ ಹೇಳಿದರು. 'ಇದು ನಡೀತದೋ ಇಲ್ಲೋ ನನಗ ಗೊತ್ತಿಲ್ರಿ, ತೂಕಕ್ಕ ಮಾತ್ರ ನಾ ಜವಾಬ್ದಾರಿ' ಅಂದರು. ನ್ಯಾಯವಾದ ಮಾತು. ಹದಿನೈದು ಇಂಚಿನ ಗಾಜಿನ ಮಾನಿಟರನ್ನು ಅವರು ಹೆಚ್ಚುಕಡಿಮೆ ಹಾಗೇ ಕೊಟ್ಟರು. ಸೀಸ ತುಂಬಿದ ಆ ಗಾಜು ಗುಜರಿಯಲ್ಲಿ ಯಾರಿಗೂ ಬೇಡ. ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ಟಂಟಂನಲ್ಲಿ ಊರಿಗೆ ತಂದೆ.

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಾಗ ಒಳಗೆ ಬೋರ್ಡು ಕಾಣಲಿಲ್ಲ. ಫ್ಯಾನು ವರ್ಷಗಟ್ಟಲೆ ಒಳಗೆ ಎಳೆದುಕೊಂಡ ಅರಳೆಯ ಎಳೆ ಧೂಳಿನೊಂದಿಗೆ ಕೂಡಿ ಒತ್ತಿ ಒತ್ತಿ ಬೂದು ಬಣ್ಣದ ಜಮಖಾನೆಯಾಗಿ ಹಾಸಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿ, 'ಯಪ್ಪಾ, ಇದರಾಗ ಒಂದು ತಲಿದಿಂಬು ಆಗ್ತೈತಿ' ಅಂದಳು. ಅಂಗಳಕ್ಕೆ ಒಯ್ದು ಮೊದಲು ಒಣ ಬ್ರಷ್ಷಿನಿಂದ, ಆಮೇಲೆ ಬ್ಲೋವರಿನಿಂದ ಬಿಡಿಸಿದ್ದಾಯಿತು. ಆ ಜಮಖಾನೆಯ ಅಡಿಯಲ್ಲಿ ಹಸಿರು ಬೋರ್ಡು ಮೊದಲ ದಿನದ ಹಾಗೇ ಇತ್ತು. ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್, ಮತ್ತು ಅಂಚಿನಲ್ಲಿ ನಾನು ಹುಡುಕುತ್ತಿದ್ದ ಕಪ್ಪನೆಯ ಉದ್ದ ಐಎಸ್‌ಎ ಸ್ಲಾಟುಗಳು. ಹಳೆಯ ಡಾಸ್ ಆಟಗಳಿಗೆ ದನಿ ಕೊಡುವ ಕಾರ್ಡುಗಳು ಕೂರುವ ಜಾಗ ಅದು. ಮುಂದಿನ ವರ್ಷಗಳ ಬೋರ್ಡುಗಳಲ್ಲಿ ಅದು ಮಾಯವಾಯಿತು. ಐಎಸ್‌ಎ ಸ್ಲಾಟೂ ಇರುವ, ವಿಂಡೋಸ್ 98ರ ಆಟಗಳಿಗೂ ಸಾಕಾಗುವ ಬೋರ್ಡು ಬೇಕೆಂದರೆ ಬಿಎಕ್ಸ್‌ಗಿಂತ ಒಳ್ಳೆಯದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಕಸ್ಮಾತ್ತಾಗಿ ಕೈಗೆ ಬಂದದ್ದಕ್ಕೆ ಹೇಳುತ್ತಿಲ್ಲ, ಅದಕ್ಕಾಗಿಯೇ ಹುಡುಕಿದ್ದೆ.

ಕೂಡಲೇ ಕರೆಂಟು ಕೊಡುವಂತಿರಲಿಲ್ಲ. ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳಲ್ಲಿ ಕೆಲವು ನೆತ್ತಿ ಉಬ್ಬಿಸಿಕೊಂಡಿದ್ದವು. ಒಳಗಿನ ದ್ರವ ಆವಿಯಾಗಿ ಒತ್ತಡ ಹೆಚ್ಚಿದಾಗ ಹಾಗಾಗುತ್ತದೆ. ಒಡೆದು ಸಿಡಿಯಬಾರದೆಂದೇ ಅವುಗಳ ನೆತ್ತಿಯ ಮೇಲೆ ಅಡ್ಡ ಗೀರು ಹಾಕಿರುತ್ತಾರೆ. ಆ ಕಾಲದ ಲಕ್ಷಾಂತರ ಬೋರ್ಡುಗಳು ಕೆಟ್ಟ ಕೆಪಾಸಿಟರುಗಳಿಂದಲೇ ಸತ್ತವು, ನಮ್ಮ ರಾಯಚೂರಿನ ಬೇಸಿಗೆಗೆ ಅವು ಇನ್ನೂ ಬೇಗ ಒಣಗುತ್ತವೆ. ಬದಲಿಸುವ ಕೆಲಸ ನನ್ನ ಕೈಯದಲ್ಲ. ಟಿವಿ ರಿಪೇರಿ ಮಾಡುವ ಒಬ್ಬ ಕಾಕಾರ ಬಳಿಗೆ ಹೋದೆ. ಈಗ ಅವರ ಅಂಗಡಿಗೆ ಬರುವುದೆಲ್ಲ ಎಲ್‌ಇಡಿ ಟಿವಿ, ಪಟ್ಟಿ ಬದಲಿಸುವುದಷ್ಟೇ ಕೆಲಸ. ಬೋರ್ಡು ನೋಡಿದ ಕೂಡಲೇ ಕನ್ನಡಕ ಏರಿಸಿಕೊಂಡರು. ಮೈಕ್ರೊಫ್ಯಾರಡ್ಡೂ ವೋಲ್ಟೂ ಓದಿ, ಡಬ್ಬಿಯಿಂದ 105 ಡಿಗ್ರಿ ತಾಳುವಂಥದ್ದನ್ನೇ ಆರಿಸಿ ತೆಗೆದರು. 85 ಡಿಗ್ರಿಯದನ್ನು ಮುಟ್ಟಲಿಲ್ಲ. 'ನಮ್ಮೂರ ಬಿಸಿಲಿಗೆ ಇದs ಬೇಕು' ಅಂದರು. ಬೆಸುಗೆ ಕಡ್ಡಿ ಹಿಡಿದ ಅವರ ಕೈ ಅರವತ್ತರ ವಯಸ್ಸಿನಲ್ಲೂ ನಡುಗುವುದಿಲ್ಲ. ಕೆಳಗಿನ ತಾಮ್ರದ ಗೆರೆ ಎದ್ದು ಬರದ ಹಾಗೆ ಹಳೆಯದನ್ನು ಕೀಳುವುದೇ ಈ ಕೆಲಸದ ಮರ್ಮ, ಹೊಸದನ್ನು ಕೂರಿಸುವುದು ಸುಲಭ. ಮಾನಿಟರನ್ನೂ ಅವರೇ ತೆರೆದು ನೋಡಿದರು. ನನ್ನನ್ನು ದೂರ ನಿಲ್ಲಿಸಿದರು. ಗಾಜಿನ ಕೊಳವೆಯಲ್ಲಿ ಸಾವಿರಗಟ್ಟಲೆ ವೋಲ್ಟು ತುಂಬಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಅದು ಅಲ್ಲೇ ಕಾದಿರುತ್ತದೆ. ಮೊದಲು ಅದನ್ನು ನೆಲಕ್ಕಿಳಿಸಿ, ಆಮೇಲೆ ಆ ವೋಲ್ಟು ಹುಟ್ಟಿಸುವ ಎಲ್‌ಓಟಿ ಟ್ರಾನ್ಸ್‌ಫಾರ್ಮರಿನ ಸುತ್ತಲಿನ ಧೂಳು ತೆಗೆದರು. ಈ ವಿದ್ಯೆ ಬಲ್ಲವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಉಳಿದಿದ್ದಾರೆ. ಅವರ ಬಳಿ ಕಲಿಯುವ ಹುಡುಗರಿಲ್ಲ ಎಂಬುದೇ ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ಸಂಗತಿ. ಬೋರ್ಡುಗಳು ಇನ್ನೂ ಸಿಕ್ಕಾವು, ಈ ಕೈಗಳು ಸಿಗಲಾರವು.

ಉಳಿದದ್ದು ಸಣ್ಣ ಕೆಲಸ. ಎಸ್‌ಎಂಪಿಎಸ್ ಹೊಸದು. ರ್ಯಾಮಿನ ಚಿನ್ನದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ನಮ್ಮ ಕಡೆಯ ಹಾರ್ಡ್‌ವೇರ್ ಹುಡುಗರೆಲ್ಲ ಕಲಿಯುವ ಮೊದಲ ಮದ್ದು ಅದು. ಗಡಿಯಾರದ ಅಂಗಡಿಯಿಂದ ಸಿಆರ್2032 ಬಿಲ್ಲೆ ಬ್ಯಾಟರಿ ಬಂತು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಮಿಲ್ಲಿನ ಲೆಕ್ಕ ಇತ್ತು, ಅದನ್ನು ತೆರೆದು ನೋಡದೆ ಮಾಲೀಕರಿಗೆ ಮುಟ್ಟಿಸಿದೆ. ಯಾರ ಬೆವರಿನ ಲೆಕ್ಕವೋ ಅವರಿಗೇ ಸೇರಬೇಕು. ಅದರ ಜಾಗದಲ್ಲಿ ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಐಡಿಇ ಅಡಾಪ್ಟರಿನಲ್ಲಿ ಕೂರಿಸಿದೆ. ಕ್ಯಾಮೆರಾಗಳಿಗೆಂದು ಬಂದ ಈ ಕಾರ್ಡು ವಿದ್ಯುತ್ತಿನ ಭಾಷೆಯಲ್ಲಿ ಹಳೆಯ ಹಾರ್ಡ್‌ಡಿಸ್ಕಿನ ಹಾಗೇ ಮಾತಾಡುತ್ತದೆ, ಆದ್ದರಿಂದ ಬೋರ್ಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೀಬೋರ್ಡಿನ ವಿಷಯದಲ್ಲಿ ಯೋಚನೆಯೇ ಬೇಕಿರಲಿಲ್ಲ. ಡಿಟಿಪಿ ಮಾಡಿ ಹೊಟ್ಟೆ ಹೊರೆದವನು ನಾನು. ಟಿವಿಎಸ್ ಗೋಲ್ಡ್ ನನ್ನ ಬೆರಳುಗಳಿಗೆ ಅನ್ನ ಕೊಟ್ಟ ಕೀಬೋರ್ಡು, ಒಂದೊಂದು ಕೀಲಿಯ ಕೆಳಗೂ ಬೇರೆ ಬೇರೆ ಸ್ವಿಚ್ಚಿದ್ದು ಒತ್ತಿದಾಗ ಟಕ್ಕೆಂದು ತಿಳಿಸಿ ಹೇಳುವಂಥದ್ದು.

ಸ್ವಿಚ್ಚು ಹಾಕಿದಾಗ ಮಾನಿಟರಿನೊಳಗೆ ಗುಂಯ್ ಎಂದು ಎದ್ದ ದನಿ, ಆಮೇಲೆ ಒಂದೇ ಒಂದು ಚಿಕ್ಕ ಬೀಪ್. ಒಂದು ಬೀಪ್ ಎಂದರೆ ಎಲ್ಲ ಕ್ಷೇಮ, ಉದ್ದದ್ದೋ ಹೆಚ್ಚಿನದ್ದೋ ಬಂದರೆ ರೋಗದ ಹೆಸರು. ಕಪ್ಪು ಗಾಜಿನ ಮೇಲೆ ಬಿಳಿ ಅಂಕಿಗಳು ಓಡತೊಡಗಿದವು. ಯಂತ್ರ ತನ್ನ ನೆನಪನ್ನು ತಾನೇ ಎಣಿಸಿಕೊಳ್ಳುವುದು ಅದು. 131072ಕ್ಕೆ ಬಂದು ನಿಂತಿತು, ಅಂದರೆ 128 ಎಂಬಿ. ಈಗಿನ ಫೋನುಗಳು ಎದ್ದೇಳುವಾಗ ಕಂಪನಿಯ ಚಿತ್ರ ತೋರಿಸಿ ಸುಮ್ಮನಾಗುತ್ತವೆ. ಇದು ತನ್ನ ಮೈಯಲ್ಲಿ ಏನೇನಿದೆ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ. ಆ ಪ್ರಾಮಾಣಿಕತೆಯೇ ನನಗೆ ಇದರ ಮೇಲಿರುವ ಪ್ರೀತಿಯ ಮೂಲ.

ದನಿಯದು ದೊಡ್ಡ ಹುಡುಕಾಟ. ಸೆಂಟರಿನ ಯಂತ್ರಗಳಲ್ಲಿ ಸೌಂಡ್ ಕಾರ್ಡು ಇರಲಿಲ್ಲ. ಡೇವ್ ಜಿಗಿದರೂ, ರಾಜಕುಮಾರ ಸತ್ತರೂ ಕ್ಯಾಬಿನೆಟ್ಟಿನೊಳಗಿನ ಪುಟ್ಟ ಸ್ಪೀಕರು ಟುಯ್ ಟುಯ್ ಅನ್ನುತ್ತಿತ್ತು, ಅಷ್ಟೇ. ಆದರೆ ಆ ಆಟಗಳ ಕಾಲಕ್ಕಾಗಲೇ ಹೊರಗೆ ಬೇರೆ ಲೋಕವಿತ್ತು. 1987ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಆಡ್‌ಲಿಬ್ ಕಾರ್ಡು ಬಂತು. ಯಮಾಹಾದ ವೈಎಂ3812 ಎಂಬ ಒಂದು ಚಿಪ್ಪು, ಅದರಲ್ಲಿ ಏಕಕಾಲಕ್ಕೆ ಒಂಬತ್ತು ದನಿ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಅದೇ ಚಿಪ್ಪಿಗೆ ಮಾತಿನ ದನಿಯನ್ನೂ ಸೇರಿಸಿ ಸೌಂಡ್ ಬ್ಲಾಸ್ಟರ್ ತಂದಿತು. ಮುಂದೆ ಡಾಸ್ ಆಟಗಳಿಗೆಲ್ಲ ಅದೇ ಅಳತೆಗೋಲು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವ ಬದಲು ನಾನು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಸಾಮಾನು ಮಾಳಿಗೆ ಮೇಲೆ ಮಾಳಿಗೆ ತುಂಬಿದೆ. ಐಎಸ್‌ಎ ಸೌಂಡ್ ಕಾರ್ಡು ಅಂದೊಡನೆ ಎಳೆಯ ಹುಡುಗರು ನಕ್ಕರು. ಒಬ್ಬ ಹಿರಿಯರು ಮಾತ್ರ ನಗಲಿಲ್ಲ. ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದೆ ಸುರಿದರು. ಅದರಲ್ಲಿ ಒಂದು ಇಎಸ್‌ಎಸ್ ಕಾರ್ಡು ಸಿಕ್ಕಿತು. ಸೌಂಡ್ ಬ್ಲಾಸ್ಟರಿನ ಭಾಷೆಯೂ ಬರುತ್ತದೆ, ಆಡ್‌ಲಿಬ್ಬಿನ ರಾಗವೂ ಬರುತ್ತದೆ.

ಊರಿಗೆ ಬಂದು ಕೂರಿಸಿ, ಆಟೊಎಕ್ಸೆಕ್ ಫೈಲಿನಲ್ಲಿ ಸೆಟ್ ಬ್ಲಾಸ್ಟರ್, ಎ220, ಐ5, ಡಿ1 ಎಂದು ಬರೆದೆ. ಯಾವ ವಿಳಾಸದಲ್ಲಿ ಕಾರ್ಡು ಕುಳಿತಿದೆ, ಯಾವ ಗಂಟೆ ಬಾರಿಸಿ ಪ್ರೊಸೆಸರನ್ನು ಕರೆಯುತ್ತದೆ, ಯಾವ ದಾರಿಯಲ್ಲಿ ದನಿ ಹರಿಯುತ್ತದೆ, ಮೂರನ್ನೂ ಆಟಕ್ಕೆ ನಾವೇ ಹೇಳಬೇಕು. ಆಮೇಲೆ ಪ್ರಿನ್ಸ್ ಶುರು ಮಾಡಿದೆ. ಅರಮನೆಯ ಕೋಣೆ, ಮರಳುಗಡಿಯಾರ, ಮತ್ತು ಒಂದು ರಾಗ. ಹದಿನೇಳರ ಹರೆಯದಿಂದ ಬಲ್ಲೆನೆಂದುಕೊಂಡ ಆಟದ ಸಂಗೀತವನ್ನು ಆ ಸಂಜೆ ಮೊದಲ ಸಲ ಕೇಳಿದೆ. ಯಂತ್ರ ಕಟ್ಟಿದ್ದಕ್ಕೆ ಬೇರೆ ಕೂಲಿ ನನಗೆ ಬೇಕಿರಲಿಲ್ಲ.

ಗಾಜಿನ ಮಾತನ್ನೂ ಹೇಳಿಬಿಡುತ್ತೇನೆ. ಪ್ರಿನ್ಸಿನಂಥ ಆಟಗಳ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ, 256 ಬಣ್ಣ. ನಾಲ್ಕಕ್ಕೆ ಮೂರರ ಅಳತೆಯ ಗಾಜಿನ ಮೇಲೆ ಹರಡಿದಾಗ ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಸ್ವಲ್ಪ ಎತ್ತರವಾಗುತ್ತದೆ. ಚಿತ್ರ ಬರೆದವರು ಅದನ್ನು ಲೆಕ್ಕ ಹಿಡಿದೇ ಬರೆದಿದ್ದರು. ಈಗಿನ ಅಗಲ ಪರದೆಯಲ್ಲಿ ಬಿಟ್ಟರೆ ರಾಜಕುಮಾರ ಕುಳ್ಳಗೆ ದಪ್ಪಗೆ ಕಾಣುತ್ತಾನೆ. ಚೌಕ ಚುಕ್ಕೆಗಳ ಅಂಚು ಕಣ್ಣಿಗೆ ಚುಚ್ಚುತ್ತದೆ. ಗಾಜಿನ ಮೇಲೆ ಬಣ್ಣ ಬಣ್ಣದೊಳಗೆ ಸ್ವಲ್ಪ ಸೋರಿ ಕೂಡಿಕೊಳ್ಳುತ್ತದೆ, ಪಂಜಿನ ಬೆಂಕಿ ಬೆಂಕಿಯ ಹಾಗೇ ಉರಿಯುತ್ತದೆ.

ವೇಗದ ಸಂಗತಿ ಇನ್ನೂ ಸ್ವಾರಸ್ಯದ್ದು. 1981ರ ಐಬಿಎಂ ಪಿಸಿಯ ಪ್ರೊಸೆಸರು ಓಡಿದ್ದು 4.77 ಮೆಗಾಹರ್ಟ್ಸಿನಲ್ಲಿ. ಜಗತ್ತಿನ ಎಲ್ಲ ಯಂತ್ರವೂ ಹೀಗೇ ನಡೆಯುತ್ತದೆಂದು ನಂಬಿ ಆಗಿನವರಲ್ಲಿ ಅನೇಕರು ಆಟ ಬರೆದರು. ಗಡಿಯಾರ ನೋಡದೆ, ಪ್ರೊಸೆಸರಿನ ಹೆಜ್ಜೆಯನ್ನೇ ತಾಳವಾಗಿ ಹಿಡಿದರು. ಯಂತ್ರ ಚುರುಕಾದಂತೆ ತಾಳ ತಪ್ಪಿತು. ಹಳೆಯ ಕ್ಯಾಬಿನೆಟ್ಟುಗಳ ಮೇಲೆ ಟರ್ಬೊ ಎಂದು ಒಂದು ಗುಂಡಿ ಇರುತ್ತಿತ್ತಲ್ಲ, ಅದು ಇದ್ದದ್ದು ಇಂಥ ಆಟಗಳಿಗಾಗಿ ಯಂತ್ರವನ್ನು ನಿಧಾನ ಮಾಡಲಿಕ್ಕೆ. 1990ರ ವಿಂಗ್ ಕಮಾಂಡರ್ ಆಟವನ್ನು ಚುರುಕು ಯಂತ್ರದಲ್ಲಿ ಹಾಕಿದರೆ ಅದರ ಅಂತರಿಕ್ಷ ನೌಕೆಗಳು ಕಣ್ಣಿಗೆ ಸಿಗುವುದಿಲ್ಲ. ನಾವು ಸೆಂಟರಿನಲ್ಲಿ ಟರ್ಬೊ ಪ್ಯಾಸ್ಕಲ್ಲಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮುಗಳ ಗತಿಯಂತೂ ಕೇಳಲೇಬೇಡಿ. ಶುರುವಿನಲ್ಲಿ ಅವು ಯಂತ್ರದ ವೇಗವನ್ನು ಅಳೆಯುತ್ತವೆ. ಉತ್ತರ ತಾವಿಟ್ಟ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ದೊಡ್ಡದಾದರೆ ರನ್‌ಟೈಮ್ ಎರರ್ 200 ಎಂದು ಹೇಳಿ ಅಲ್ಲೇ ಕುಸಿಯುತ್ತವೆ. ಭಾಗಾಕಾರ ತಪ್ಪಿತು ಎಂಬುದು ಅದರ ದೂರು, ನಿಜವಾದ ಕಾರಣ ಯಂತ್ರದ ಅತಿವೇಗ. ಇದಕ್ಕೆಲ್ಲ ಪೆಂಟಿಯಂ ತ್ರೀಯಲ್ಲಿ ಒಂದು ಉಪಾಯವಿದೆ. ಬಯಾಸ್‌ಗೆ ಹೋಗಿ ಪ್ರೊಸೆಸರಿನ ಒಳಗಿನ ಕ್ಯಾಶ್ ಮೆಮೊರಿಯನ್ನು ಬಂದ್ ಮಾಡಿದರೆ ಪ್ರತಿ ಆಜ್ಞೆಗೂ ದೂರದ ರ್ಯಾಮಿಗೇ ಹೋಗಿ ಬರಬೇಕಾಗಿ, 500 ಮೆಗಾಹರ್ಟ್ಸಿನ ಚಿಪ್ಪು 386ರ ಕಾಲದ ನಡಿಗೆಗೆ ಇಳಿಯುತ್ತದೆ. ಒಂದೇ ಡಬ್ಬದಲ್ಲಿ ಹತ್ತು ವರ್ಷದ ಯಂತ್ರಗಳು.

ಆಡಲೆಂದು ಕಟ್ಟಿದ ಈ ಯಂತ್ರ ಹಳೆಯ ಬರಹ ಓದುವುದಕ್ಕೂ ಒದಗಿತು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಇಂಜಿನಿಯರು ಬಂಡೆಯ ಮೇಲೊಂದು ಬರಹ ಕಂಡರು. ಅವರೂ ಚಿನ್ನ ಹುಡುಕಲು ಬಂದವರೇ. ಅಶೋಕನ ಶಾಸನ ಅದು, ಅವನ ಹೆಸರನ್ನು ಹೆಸರಾಗಿಯೇ ಹೇಳಿದ್ದು ಮೊದಲು ಸಿಕ್ಕಿದ್ದು ಅದರಲ್ಲೇ. ಕಲ್ಲಾದ್ದರಿಂದ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ತಾಳಿತು, ಮತ್ತು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಬ್ರಾಹ್ಮಿ ಅಕ್ಷರಗಳನ್ನು ಓದಿ ಇಟ್ಟದ್ದರಿಂದ ಕಂಡವರಿಗೆ ಅರ್ಥವೂ ಆಯಿತು. ನನ್ನ ಕಪಾಟಿನಲ್ಲಿ ಫ್ಲಾಪಿಗಳ ಪೆಟ್ಟಿಗೆಗಳಿವೆ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವರದಿ, ಎಲ್ಲವೂ ಯೂನಿಕೋಡಿಗೆ ಮೊದಲಿನ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದವು. ಬಿಸಿಲಿಗೂ ಬೂಷ್ಟಿಗೂ ಒಂದೊಂದಾಗಿ ಅಳಿಯುತ್ತಿವೆ. ಓದಲು ಡ್ರೈವು ಬೇಕು, ಡ್ರೈವಿಗೆ ಬೋರ್ಡು ಬೇಕು, ಅಕ್ಷರಕ್ಕೆ ಆ ಕಾಲದ ಫಾಂಟು ಬೇಕು. ಈ ಡಬ್ಬದಲ್ಲಿ ಮೂರೂ ಕೂಡಿವೆ. ಮೆಕ್ನರ್‌ಗೂ ಇದೇ ಆಯಿತು. ಪ್ರಿನ್ಸ್ ಆಟದ ಮೂಲ ಬರಹ ಕಳೆದೇ ಹೋಯಿತೆಂದು ಅವರು ಕೈ ಬಿಟ್ಟಿದ್ದರು. 2012ರಲ್ಲಿ ತಂದೆಯ ಮನೆಯ ಕಪಾಟಿನ ಹಿಂದಿನ ಪೆಟ್ಟಿಗೆಯಲ್ಲಿ ಡಿಸ್ಕುಗಳು ಸಿಕ್ಕವು. ಹಳೆಯ ಯಂತ್ರಗಳನ್ನು ಚಾಲ್ತಿಯಲ್ಲಿಟ್ಟುಕೊಂಡ ಗೆಳೆಯರು ಬಂದು ಅದನ್ನು ಓದಿ ತೆಗೆದರು. ಮೆಕ್ನರ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಆ ಗೆಳೆಯರ ಬಳಿ ಯಂತ್ರ ಇಲ್ಲದಿದ್ದರೆ ಡಿಸ್ಕು ಬರಿಯ ಪ್ಲಾಸ್ಟಿಕ್ಕು.

ಈಗ ನಮ್ಮ ಪಡಸಾಲೆಯಲ್ಲಿ ಭಾನುವಾರ ಜಾಗ ಸಾಲುವುದಿಲ್ಲ. ಓಣಿಯ ಹುಡುಗರ ಬೆರಳು ಫೋನಿನ ಆಟಕ್ಕೆ ಪಳಗಿದ್ದು. ಮುಟ್ಟಿದ ಕೂಡಲೇ ತಿರುಗಬೇಕು, ನಿಲ್ಲಬೇಕು. ರಾಜಕುಮಾರ ಹಾಗಲ್ಲ. ಮೊದಲ ದಿನ ಎಲ್ಲರೂ ಅವನನ್ನು ಮುಳ್ಳುಗಳ ಮೇಲೆ ಕೆಡವಿದರು. ಆಮೇಲೆ ಹೆಜ್ಜೆ ಎಣಿಸುವುದನ್ನು ಕಲಿತರು, ಅಂಚಿನಲ್ಲಿ ಶಿಫ್ಟ್ ಒತ್ತಿ ಮೆಲ್ಲಗೆ ಇಡುವುದನ್ನು ಕಲಿತರು. ಮೂರನೆಯ ಮಜಲಿನ ಅಸ್ಥಿಪಂಜರವನ್ನು ಎಷ್ಟು ಹೊಡೆದರೂ ಸಾಯುವುದಿಲ್ಲ, ಹಿಂದೆ ಹಿಂದೆ ಒತ್ತಿಕೊಂಡು ಹೋಗಿ ಅಂಚಿನಿಂದ ಕೆಳಗೆ ತಳ್ಳಬೇಕು. ಅದನ್ನು ಕಂಡುಹಿಡಿದದ್ದು ನನ್ನ ಅಕ್ಕನ ಮಗಳು, ಎಂಟನೆಯ ಇಯತ್ತೆಯವಳು. 'ಮಾಮಾ, ಇದರಾಗ ಸೇವ್ ಎಲ್ಲೈತಿ?' ಎಂದು ಕೇಳಿದಳು. ಮೂರನೆಯ ಮಜಲಿಗೆ ಬಂದ ಮೇಲೆ ಕಂಟ್ರೋಲ್ ಹಿಡಿದು ಜಿ ಒತ್ತಬೇಕು, ಆದರೆ ಕಳೆದ ನಿಮಿಷ ಮರಳಿ ಬರುವುದಿಲ್ಲ ಅಂದೆ. 'ಅದು ಬರಾಂಗಿಲ್ಲ ಬಿಡು' ಅಂದಳು, ಅದು ಎಲ್ಲರಿಗೂ ಗೊತ್ತಿದ್ದ ಮಾತೆನ್ನುವ ಹಾಗೆ.

ಆಕೆಗೆ ಹಿಡಿಸಿದ್ದು ಮಾತ್ರ ಬೇರೆ ಆಟ. 1991ರಲ್ಲಿ ಎಂಎಸ್-ಡಾಸ್ 5ರ ಜೊತೆ ಬಂದ ಕ್ಯೂಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೊರಿಲ್ಲಾ ಎಂಬುದೊಂದಿದೆ. ಊರಿನ ಮಾಳಿಗೆಗಳ ಮೇಲೆ ಎರಡು ಗೊರಿಲ್ಲಾಗಳು, ಕೋನವನ್ನೂ ವೇಗವನ್ನೂ ಕೊಟ್ಟರೆ ಒಂದರ ಮೇಲೊಂದು ಬಾಳೆಹಣ್ಣು ಎಸೆಯುತ್ತವೆ. ಹಣ್ಣು ಸೂರ್ಯನಿಗೆ ತಾಗಿದರೆ ಅವನು ಬಾಯಿ ತೆರೆದು ಬೆರಗಾಗುತ್ತಾನೆ. ಶುರುವಿನಲ್ಲಿ ಗುರುತ್ವ ಎಷ್ಟಿರಬೇಕೆಂದು ಆಟ ಕೇಳುತ್ತದೆ, ಭೂಮಿಗೆ 9.8 ಎಂದು ತಾನೇ ಹೇಳಿಕೊಡುತ್ತದೆ. ಆಕೆ ಚಂದ್ರನ 1.6 ಕೊಟ್ಟಳು. ಹಣ್ಣು ಗಾಜಿನ ಆಚೆ ಹಾರಿ ಹೋಯಿತು. 'ಈ ಲೆಕ್ಕ ಎಲ್ಲಿ ಬರ್ದಾರ ಮಾಮಾ, ತೋರ್ಸು' ಅಂದಳು. ತೋರಿಸಿದೆ. ಈ ಆಟದ ಒಡಲು ಮುಚ್ಚಿಲ್ಲ, ಸಾಲು ಸಾಲಾಗಿ ಓದಬಹುದು, ತಿದ್ದಬಹುದು, ಎಫ್5 ಒತ್ತಿ ಆಡಬಹುದು. ಫೋನಿನ ಯಾವ ಆಟವೂ ಆಕೆಗೆ ತನ್ನ ಒಳಗನ್ನು ಹೀಗೆ ತೆರೆದು ತೋರಿಸಿರಲಿಲ್ಲ. ಅಂದಿನಿಂದ ಅವಳು ಆಡುವುದಕ್ಕಿಂತ ತಿದ್ದುವುದೇ ಹೆಚ್ಚು.

ಆ ಪರದೇಶದ ಮಾಳಿಗೆಗಳನ್ನು ತೆಗೆದು ರಾಯಚೂರಿನ ಕೋಟೆಯನ್ನು ಹಾಕಬೇಕೆಂಬುದು ಅವಳ ಈಗಿನ ಹಟ. ಗ್ರಾಫ್ ಹಾಳೆಯ ಮೇಲೆ ಕೊತ್ತಲಗಳನ್ನು ಚುಕ್ಕೆ ಎಣಿಸಿ ಬರೆದಿದ್ದಾಳೆ. ನೆಟ್ಟಗಿನ ಗೋಡೆಗಳು ಲೈನ್ ಆಜ್ಞೆಯಲ್ಲಿ ಬಂದಾಗಿವೆ. ತೊಡಕಾಗಿರುವುದು ದರವಾಜೆಯ ಕಮಾನು. ಸರ್ಕಲ್ ಆಜ್ಞೆಯಲ್ಲಿ ಕಮಾನು ಎಲ್ಲಿಂದ ಎಲ್ಲಿಗೆ ಎಂಬುದನ್ನು ರೇಡಿಯನ್ ಲೆಕ್ಕದಲ್ಲಿ ಕೊಡಬೇಕು, ಅದು ಅವಳ ಪಾಠಕ್ಕೆ ಇನ್ನೂ ಬಂದಿಲ್ಲ. ಈ ಭಾನುವಾರ ಒಂದು ಸುತಳಿ, ಒಂದು ತಟ್ಟೆ ಇಟ್ಟುಕೊಂಡು ಅದನ್ನು ಹೇಳಿಕೊಡಬೇಕು.